ಕೊಳದ ಮಂಟಪದ ತಾಯಿ

ವರದಾ ನದಿಯ ತಡಿಯಲ್ಲಿ ಮೆರೆಯುತ್ತಿದ್ದ ಕಂಕಣಪುರದ ರಾಜಬೀದಿಗಳು ಅಂದು ಬೆಳಗಿನಿಂದಲೇ ತೋರಣಗಳಿಂದ ಶೋಭಿಸುತ್ತಿದ್ದವು. ಪಟ್ಟದಾನೆಯ ಗಂಟೆ, ಹೂವಾಡಗಿತ್ತಿಯರ ಕೂಗು, ಕಲ್ಲುಕುಟಿಗರ ಉಳಿಯ ಸದ್ದು ಒಂದರೊಳಗೊಂದು ಬೆರೆತು ಕೋಟೆಯ ಗೋಡೆಗಳಲ್ಲಿ ಮಾರ್ದನಿಗೊಳ್ಳುತ್ತಿದ್ದವು. ಮರುದಿನ ಪಟ್ಟಮಹಿಷಿ ಲಚ್ಚಲದೇವಿಯ ಎಳೆಯ ಕುಮಾರನಿಗೆ ಯುವರಾಜಪಟ್ಟ. ಆದರೆ ಆಸ್ಥಾನ ನರ್ತಕಿ ಸೋವಲೆಯನ್ನು ಭಟರು ಕರೆದೊಯ್ದದ್ದು ಉತ್ಸವಕ್ಕಲ್ಲ, ವಿಚಾರಣೆಗೆ.

ಕಾರಣ, ಅರಮನೆಯ ಕೊಳದ ಮಂಟಪದಲ್ಲಿ ಹೊಸದಾಗಿ ನಿಂತ ವಿಗ್ರಹ. ಹೆರಿಗೆಯ ಬಳಿಕ ಸಡಿಲಿದ ತನ್ನ ಒಡಲನ್ನು ಕನ್ನಡಿಯಲ್ಲಿ ಕಂಡು ಮರುಗುತ್ತಿದ್ದ ರಾಣಿಗೆ, "ದೇವಿ, ಇದು ಮಗು ಬಾಳಿದ ಮನೆ. ಬಾಳಿದ ಮನೆಯ ಗೋಡೆಯಲ್ಲಿ ಗುರುತಿದ್ದರೆ ಅದು ಅವಲಕ್ಷಣವೇ?" ಎಂದು ಸಂತೈಸಿದವಳು, ತಾನೂ ಹೆತ್ತವಳಾದ ಸೋವಲೆ. ಆ ಮಾತಿನಿಂದ ಚೇತರಿಸಿಕೊಂಡ ರಾಣಿಯೇ, ತಾಯಿಯ ಮೈಯನ್ನು ಇದ್ದಂತೆ, ವಸ್ತ್ರದ ಮರೆಯಿಲ್ಲದೆ ಕಡೆಸಲು ಬಯಸಿದಳು. ಅವಳ ಕೋರಿಕೆಗೆ ಓಗೊಟ್ಟು ಸೋವಲೆ ಶಿಲ್ಪಿ ಕಾಳೋಜನ ಮುಂದೆ ನಿಂತಳು. ಮೊದಮೊದಲು ಕಣ್ಣು ಮುಚ್ಚಿಕೊಂಡಳು, ಆಮೇಲೆ ಕಲ್ಲಿನಲ್ಲಿ ಮೂಡುತ್ತಿದ್ದ ತನ್ನನ್ನು ತಾನೇ ಅಕ್ಕರೆಯಿಂದ ನೋಡಿದಳು.

ಕಾಳೋಜ ತೀರ್ಥಯಾತ್ರೆಗೆ ತೆರಳಿದ್ದೇ ತಡ, ಕಿರಿಯ ರಾಣಿಯ ಅಣ್ಣನಾದ ದಂಡನಾಯಕ ಭೂತಾರ್ಯ ಅರಸನ ಕಿವಿಯೂದಿದ: ಅದು ಲಚ್ಚಲದೇವಿಯದೇ ಮೈ. ಶಿಲ್ಪಿಯೆದುರು ಬತ್ತಲಾದವಳ ಮಗ ಅರಸನ ಮಗನೆಂದು ಯಾರು ನಂಬಿಯಾರು?

ಅರಸು ಕುಂದಮರಸ ತುಂಬಿದ ಸಭೆಯಲ್ಲಿ ಕೇಳಿದ: "ಮಹಾದೇವಿ, ಆ ವಿಗ್ರಹವನ್ನು ಕಡೆಸಿದವರಾರು?"

ರಾಣಿ ಮಗನನ್ನು ಎದೆಗವಚಿಕೊಂಡಳು. "ನಾನಲ್ಲ, ಪ್ರಭು. ಈ ನರ್ತಕಿ ರೂಪಮದದಿಂದ, ನಾನರಿಯದಂತೆ ಮಾಡಿಸಿದ ನಿರ್ಲಜ್ಜ ಕಾರ್ಯವದು."

ಸೋವಲೆ ರಾಣಿಯತ್ತ ತಿರುಗಿದಳು. ಗೆಳತಿ ತನ್ನತ್ತ ನೋಡಲಿಲ್ಲ. ಒಂದು ಮಾತಿನಿಂದ ಸತ್ಯವನ್ನು ಹೊರಗೆಳೆಯಬಹುದಿತ್ತು. ಆದರೆ ರಾಣಿಯ ಸುಳ್ಳು ಬಯಲಾದರೆ ಭೂತಾರ್ಯನ ದೂರೇ ನಿಜವೆನಿಸಿ ಮಗುವಿನ ಪಟ್ಟವೂ ಹೋಗುತ್ತಿತ್ತು. "ಮಹಾದೇವಿಯವರ ನುಡಿ ದಿಟ, ಪ್ರಭು. ಕಡೆಸಿದವಳು ನಾನು. ಮೈಯೂ ನನ್ನದೇ."

"ಒಡತಿಯನ್ನು ಉಳಿಸಲು ಆಡುವ ಮಾತು," ಎಂದ ಭೂತಾರ್ಯ. "ಪ್ರಮಾಣವೇನು?"

"ಮಂಟಪಕ್ಕೆ ಬನ್ನಿ."

ಕೊಳದ ಬಳಿ ಅವಳು ವಿಗ್ರಹದ ಪಕ್ಕದಲ್ಲಿ ನಿಂತು ಮೇಲುದವನ್ನು ಸರಿಸಿದಳು. ಜೋತ ಎದೆ, ಮಡಿಕೆಬಿದ್ದ ಹೊಟ್ಟೆ, ಹೊಕ್ಕುಳಿನಿಂದ ಇಳಿದ ಬಸಿರಿನ ಗೆರೆಗಳು ಕಲ್ಲಿನಲ್ಲಿ ಹೇಗಿದ್ದವೋ ಅವಳಲ್ಲೂ ಹಾಗೆಯೇ ಇದ್ದವು. ಅಂತಃಪುರದ ವೃದ್ಧೆಯರು ಎರಡನ್ನೂ ನಿಟ್ಟಿಸಿ, "ಇವಳದೇ," ಎಂದರು. ಭೂತಾರ್ಯ ತಲೆ ತಗ್ಗಿಸಿದ.

"ಹೆಣ್ಣೇ, ನಿನಗೆ ನಾಚಿಕೆಯಿಲ್ಲವೇ?" ಎಂದ ಅರಸ.

"ಈ ಮೈಗಾಗಿ ಇಲ್ಲ, ಪ್ರಭು. ಇಂದು ನಾನು ನಾಚಿದ್ದು ಬೇರೊಂದಕ್ಕೆ. ಅದನ್ನು ಇಲ್ಲಿ ಆಡಲಾರೆ."

ಲಚ್ಚಲದೇವಿಯ ಮುಖ ಬಿಳಿಚಿತು. ಕುಮಾರನ ಪಟ್ಟ ಸ್ಥಿರವಾಯಿತು. ನರ್ತಕಿಗೆ ಸಂಜೆಯೊಳಗೆ ಗಡಿಪಾರೆಂದು ಅಪ್ಪಣೆಯಾಯಿತು.

ಕೋಟೆಯ ಬಾಗಿಲ ಬಳಿ ರಾಣಿಯ ದಾಸಿ ಏದುಸಿರು ಬಿಡುತ್ತ ಬಂದು, ಜರತಾರಿ ಶಾಲನ್ನು ಮುಂದೆ ಹಿಡಿದಳು. "ಮಹಾದೇವಿಯವರು ಹೊದ್ದುಕೊಳ್ಳಲು ಕಳಿಸಿದ್ದಾರಮ್ಮ. ಅವರು ಅಳುತ್ತಿದ್ದಾರೆ."

ಸೋವಲೆ ಶಾಲನ್ನು ಮುಟ್ಟಲಿಲ್ಲ. "ನನಗೆ ಚಳಿಯಿಲ್ಲವೆಂದು ಹೇಳು ತಾಯಿ," ಎಂದು ನದಿಯ ದಾರಿ ಹಿಡಿದಳು.