ಒಂದು ಫೋಟೋನೂ ಹೋಗಲ್ಲ

ವಗ್ದಿಯ ಹೊಟ್ಟೆಯುರಿಗೆ ಎರಡು ರೆಕ್ಕೆಗಳಿದ್ದವು, ಸುಕ್ಕರಾ ಎಂಬ ಹೆಸರೂ ಇತ್ತು. ಮರಿಯಾಗಿದ್ದಾಗಿನಿಂದ ಅಂಗೈಯಲ್ಲೇ ಕಾಳು ತಿನ್ನಿಸಿ ಸಾಕಿದ ಬಿಳಿ ಪಾರಿವಾಳ ಅದು. ಒಂದು ಸಂಜೆ ಎದುರು ಕಟ್ಟಡದ ಹಾಜಿ ಬಯೂಮಿಯ ಹಿಂಡಿನ ಜೊತೆ ಸುತ್ತಿ ಸುತ್ತಿ, ನಾಚಿಕೆಯಿಲ್ಲದೆ ಅವರ ತಾರಸಿಗೇ ಇಳಿದುಬಿಟ್ಟಿತು. ಕೈರೋದಲ್ಲಿ ಪಾರಿವಾಳ ಹಾರಿಸುವವರ ಕಟ್ಟಳೆ ಗೊತ್ತಲ್ಲ: ತಾನಾಗಿ ಇಳಿದ ಹಕ್ಕಿ ಆ ತಾರಸಿಯವನ ಸ್ವತ್ತು. ಕೇಳುವ ಹಾಗಿಲ್ಲ, ಅಳುವ ಹಾಗಿಲ್ಲ. ಗೂಡಿಗೆ ಕೈ ಹಾಕಿ ಕದ್ದವನ ಕತೆಯೇ ಬೇರೆ. ಅವನು ಹಿಂಡು ಹಾರಬಿಟ್ಟರೆ ಇಂಬಾಬಾ ಬಡಾವಣೆಯ ಉಳಿದ ತಾರಸಿಗಳೆಲ್ಲ ತಮ್ಮ ಹಕ್ಕಿಗಳನ್ನು ಇಳಿಸಿಕೊಳ್ಳುತ್ತವೆ. ಆಕಾಶದಲ್ಲಿ ಅವನು ಒಬ್ಬಂಟಿ.

"ಏನಪ್ಪಾ ವಗ್ದಿ, ನಿನ್ ಹುಡುಗಿ ಎದುರು ಮನೆಗೆ ಓಡಿಹೋದ್ಲಂತೆ?" ಕಾಫಿ ಅಂಗಡಿಯಲ್ಲಿ ಫತೂಹ್ ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದ. ಅವನೂ ಪಾರಿವಾಳದವನೇ, ಬಾಯಿ ಮಾತ್ರ ಗಿಳಿಯದು. "ಕಾಳಲ್ಲಿ ಏನ್ ಕಮ್ಮಿ ಮಾಡಿದ್ದೆ, ಹೇಳೋ!"

ಅಂದೇ ವಗ್ದಿ ನಿರ್ಧರಿಸಿದ. ಸುಕ್ಕರಾ ವಾಪಸು ಬರಬೇಕು, ಅದೂ ಕಟ್ಟಳೆಯ ಪ್ರಕಾರವೇ ಬಂದಂತೆ ಕಾಣಬೇಕು.

ಒಂದೇ ಅಡ್ಡಿ: ಗೂಡಿನ ಬಾಗಿಲಿಗೆ ಮುಖ ಮಾಡಿ ಹಾಜಿಯ ಮೊಮ್ಮಗಳು ನಶ್ವಾ ಕೂರಿಸಿದ್ದ ಕ್ಯಾಮೆರಾ. ವಗ್ದಿಗೆ ನಗು ಬಂತು. ಕ್ಯಾಮೆರಾ ಬರೀ ಕಣ್ಣು. ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಹಾಜಿಯ ನಡುಮನೆಯ ಕಂಪ್ಯೂಟರ್. ಅದರ ನೆನಪು ಕೆಟ್ಟರೆ ಓಣಿಯವರು ಕರೆಯುವುದು ಯಾರನ್ನು? ಓಣಿಯ ಬಾಯಲ್ಲೇ ರಿಪೇರಿ ಅಂಗಡಿಯಿಟ್ಟು, "ವಿಂಡೋಸ್ ಹೊಸದು, ಒಂದು ಫೋಟೋನೂ ಹೋಗಲ್ಲ" ಎಂದು ಬೋರ್ಡು ಬರೆಸಿದ್ದ ವಗ್ದಿಯನ್ನೇ!

ಗುರುವಾರ ಧೂಳು ಒರೆಸುವ ನೆಪದಲ್ಲಿ ಹೋಗಿ, ಕಂಪ್ಯೂಟರು ಏಳುವಾಗ ಬೇಕಾಗುವ ಒಂದು ಸಣ್ಣ ಫೈಲನ್ನು ಅಳಿಸಿ ಬಂದ. ಓಡುತ್ತಿರುವಷ್ಟು ಹೊತ್ತು ಯಾರಿಗೂ ತಿಳಿಯದು. ಒಮ್ಮೆ ಆರಿತೋ, ಮತ್ತೆ ಏಳದು.

ಶುಕ್ರವಾರ ಬೆಳಗಿನ ನಮಾಜಿಗೆ ಹೋದ ಹಾಜಿ ಬಿಸಿಲೇರುವವರೆಗೂ ಮಸೀದಿಯಲ್ಲೇ ಕೂರುವುದು ವಾಡಿಕೆ. ಸೂರ್ಯ ಹುಟ್ಟುವ ಹೊತ್ತಿಗೆ ವಗ್ದಿ ಉಪಕರಣದ ಚೀಲ ಹೆಗಲಿಗೇರಿಸಿ ಅವರ ತಾರಸಿ ಹತ್ತಿದ. ಮುಖ ಮುಚ್ಚಿಕೊಳ್ಳಲಿಲ್ಲ. ಮುಸುಕು ಹಾಕಿದವನನ್ನು ಅಕ್ಕಪಕ್ಕದ ತಾರಸಿಯವರು ನೋಡುತ್ತಾರೆ; ಡಿಶ್ ಸರಿಮಾಡುವ ವಗ್ದಿಯನ್ನು ಯಾರು ನೋಡುತ್ತಾರೆ? ಸುಕ್ಕರಾ ತಾನಾಗಿ ಅವನ ಕೈಗೆ ಬಂತು. ಖುಷಿ ತಡೆಯಲಾರದೆ ಅದರ ತಲೆಗೊಂದು ಮುತ್ತಿಟ್ಟ. ಹೇಗೂ ಅಳಿಸುವುದೇ ತಾನೇ ಎಂದುಕೊಂಡು ಕ್ಯಾಮೆರಾದತ್ತ ತಿರುಗಿ ಹಲ್ಲು ಕಿರಿದು ಸಲಾಮೂ ಹೊಡೆದ. ಗೂಡಿನ ಅಗುಳಿಯನ್ನು ಮುದುಕ ಮರೆತಂತೆ ಸಡಿಲವಾಗಿ ಬಿಟ್ಟ. ಇಳಿಯುವಾಗ ಮೆಟ್ಟಿಲ ಬಳಿಯ ಪೆಟ್ಟಿಗೆಯಲ್ಲಿ ಹಾಜಿಯ ಮನೆಯ ಕರೆಂಟನ್ನು ಒಮ್ಮೆ ಆರಿಸಿ ಮತ್ತೆ ಹಾಕಿದ.

ಮನೆಗೆ ಬಂದು ಅವರೆಯಂಥ ಕಾಳು ಬೇಯಿಸಿ ಮಾಡಿದ ಫೂಲ್‌ಗೆ ರೊಟ್ಟಿ ಅದ್ದಿ ತಿನ್ನುತ್ತ ಮೊಬೈಲ್ ನೋಡಿದ. ಪ್ರತಿ ಶುಕ್ರವಾರ ಹಾಜಿ ಊರಿಗೆಲ್ಲ ಕಳಿಸುವ ಶುಭಾಶಯದ ಚಿತ್ರ ಇವತ್ತು ಬಂದಿರಲಿಲ್ಲ. ಸುತ್ತ ಗುಲಾಬಿ, ನಡುವೆ ಗೂಡು, ಮೇಲೆ ಹೊಳೆಯುವ ಅಕ್ಷರ. ಅಬ್ಬಾ, ಆ ಕಾಟವೂ ತಪ್ಪಿತು! ತೆರೆದು ನೋಡದೆ ಅಳಿಸುವುದು ಅವನಿಗೆ ಅಭ್ಯಾಸವಾಗಿತ್ತು.

ಮಧ್ಯಾಹ್ನ ಎಲ್ಲರ ಕಣ್ಣೆದುರೇ ಅವನ ಹಿಂಡಿನ ಜೊತೆ ಸುಕ್ಕರಾ ಹಾರಿ ವಗ್ದಿಯ ತಾರಸಿಗೆ ಇಳಿಯಿತು. ಹಾಜಿಯ ಕರೆಯೂ ಬಂತು.

"ನೋಡಪ್ಪಾ, ಬಾಗಿಲು ತೆಗೆದಿತ್ತು. ನಾನೇ ಮರೆತ್ನೋ, ಯಾರಾದ್ರೂ ಕೈ ಹಾಕಿದ್ರೋ ಗೊತ್ತಿಲ್ಲ. ನಾನೇ ಮರೆತಿದ್ರೆ ಹಕ್ಕಿ ನಿಂದೇ, ಜಗಳ ಇಲ್ಲ. ಕ್ಯಾಮೆರಾ ನೋಡೋಣ ಅಂದ್ರೆ ಈ ಪೆಟ್ಟಿಗೆ ಏಳ್ತಾನೇ ಇಲ್ಲ."

ವಗ್ದಿ ಹೋಗಿ, ಪರದೆ ನೋಡಿ, ಲೊಚಗುಟ್ಟಿದ. "ವಿಂಡೋಸ್ ಪೂರ್ತಿ ಹಾಳಾಗಿದೆ ಹಾಜಿ. ಹೊಸದಾಗಿ ಹಾಕ್ಬೇಕು. ಕ್ಯಾಮೆರಾದ್ದು ಉಳಿಯಲ್ಲ."

ಹಾಜಿಯ ಮುಖ ಬಿಳಿಚಿತು. "ಹಕ್ಕಿ ಹೋದ್ರೆ ಹೋಗ್ಲಿ ಮಗಾ. ನನ್ ಹೆಂಡ್ತಿ ಫೋಟೋ ಎಲ್ಲಾ ಅದ್ರಲ್ಲೇ ಇದೆ. ಅವಳನ್ನ ಇನ್ನೊಂದ್ಸಲ ಕಳ್ಕೊಳ್ಳೋಕೆ ನನ್ ಕೈಲಾಗಲ್ಲ."

ವಗ್ದಿಗೆ ಒಂದು ಕ್ಷಣ ಕರುಳು ಚುರುಕ್ಕೆಂದಿತು. ಅವನು ಕಳ್ಳ ನಿಜ, ಕಟುಕನಲ್ಲ. "ನನ್ ಬೋರ್ಡ್ ಓದಿಲ್ವಾ ಹಾಜಿ? ಒಂದು ಫೋಟೋನೂ ಹೋಗಲ್ಲ."

ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡಿದ. ಇರುವ ಫೈಲುಗಳನ್ನು ಉಳಿಸಿಕೊಂಡೇ ಹೊಸ ವಿಂಡೋಸ್ ಹಾಕಿದ. ಕ್ಯಾಮೆರಾದ ರೆಕಾರ್ಡಿಂಗುಗಳನ್ನು ಹುಡುಕಿ ಅಳಿಸಿದ. ಹಳೆಯ ವಿಂಡೋಸಿನ ಅವಶೇಷ ಒಂದು ಮೂಲೆಯಲ್ಲಿ ಉಳಿಯುತ್ತದೆಂದು ಅರೆಬೆಂದ ಮೆಕ್ಯಾನಿಕ್ಕುಗಳಿಗೆ ಹೊಳೆಯುವುದಿಲ್ಲ. ಅವನಿಗೆ ಹೊಳೆಯಿತು, ಅದನ್ನೂ ತೆಗೆದ. ಕಸದಬುಟ್ಟಿ ಖಾಲಿ ಮಾಡಿದ. ಫೋಟೋಗಳನ್ನು ಮಾತ್ರ ಮುಟ್ಟಲಿಲ್ಲ. ಹೆಂಗಸಿನ ಫೋಟೋಗಳನ್ನು ಇಣುಕಿ ನೋಡುವಷ್ಟು ಮಾನಗೆಟ್ಟವನಲ್ಲ ಅವನು.

ಸಂಜೆ ಹಾಜಿಯ ನಡುಮನೆ ತುಂಬಿತ್ತು. ಹಕ್ಕಿ ಯಾರದೆಂದು ತೀರ್ಮಾನವಾಗಬೇಕಲ್ಲ, ಪಾರಿವಾಳದವರೆಲ್ಲ ಬಂದಿದ್ದರು. ಸಾಕ್ಷಿಯಿಲ್ಲದ ಮೇಲೆ ಹಕ್ಕಿ ವಗ್ದಿಯದೇ ಎಂದು ಹಾಜಿಯೇ ಒಪ್ಪಿಕೊಂಡು ಕೈ ಕುಲುಕಿದರು. ವಗ್ದಿಯ ಎದೆಯುಬ್ಬಿತು. ತನ್ನ ಕೈಚಳಕವೂ ಎಲ್ಲರ ಕಣ್ಣಿಗೆ ಬೀಳಲೆಂದು, ಹಾಜಿಯನ್ನು ಕೇಳಿಯೇ, ಫೋಟೋಗಳು ಹಳೆಯದರಿಂದ ಹೊಸದರವರೆಗೆ ಒಂದಾದಮೇಲೊಂದು ತಾವಾಗಿ ಬರುವಂತೆ ಇಟ್ಟು, ಪುದೀನ ಚಹಾ ಹಿಡಿದು ಕುಳಿತ. ಮದುವೆಯ ದಿನದ ಹೆಂಡತಿ ಬಂದಳು, ಹಾಜಿ ಕಣ್ಣೊರೆಸಿಕೊಂಡರು. ನಶ್ವಾ ಬಂದಳು, ದೊಡ್ಡವಳಾದಳು. ಆಮೇಲೆ ಗುಲಾಬಿ ಸುತ್ತಿದ ಗೂಡುಗಳ ಸಾಲು ಶುರುವಾಯಿತು.

"ಇವನ್ನ ಯಾರ್ ಮಾಡ್ಕೊಡ್ತಾರೆ ಹಾಜಿ?" ಎಂದ ಫತೂಹ್.

"ಯಾರೂ ಇಲ್ಲಪ್ಪ, ನಶ್ವಾ ಮಾಡಿಟ್ಟ ಏರ್ಪಾಡು. ಶುಕ್ರವಾರ ಸೂರ್ಯ ಹುಟ್ಟೋ ಹೊತ್ಗೆ ಆ ಕ್ಯಾಮೆರಾದಿಂದ ಒಂದು ಚಿತ್ರ ತಾನೇ ತೆಗೆದು, ಹೂವು ಸುತ್ತಿ, ಫೋಟೋಗಳ ಜೊತೆ ಇಟ್ಬಿಡತ್ತೆ. ನಾನು ಮಸೀದಿಯಿಂದ ಬಂದು ಎಲ್ರಿಗೂ ಕಳಿಸ್ತೀನಿ, ಅಷ್ಟೇ. ಇವತ್ತಿಂದು ಕಳಿಸೋಕಾಗ್ಲಿಲ್ಲ ನೋಡು."

ವಗ್ದಿ ಚಹಾದ ಲೋಟ ಕೆಳಗಿಟ್ಟು ಕಂಪ್ಯೂಟರಿನತ್ತ ಏಳುವಷ್ಟರಲ್ಲಿ ಕೊನೆಯ ಚಿತ್ರ ಪರದೆ ತುಂಬಿತು. ಸುತ್ತಲೂ ಕೆಂಪು ಗುಲಾಬಿ. ಮೇಲೆ ಚಿನ್ನದ ಅಕ್ಷರದಲ್ಲಿ 'ನಿಮ್ಮ ಶುಕ್ರವಾರ ಶುಭಕರವಾಗಲಿ'. ನಡುವೆ ತೆರೆದ ಗೂಡು, ಎದೆಗವಚಿದ ಸುಕ್ಕರಾ, ಹಲ್ಲು ಕಿರಿದು ಸಲಾಮು ಹೊಡೆಯುತ್ತಿರುವ ವಗ್ದಿ. ಫತೂಹ್ ಎದ್ದು ಬಂದು ಅವನ ಬೆನ್ನು ತಟ್ಟಿದ: "ನಿನ್ ಬೋರ್ಡು ಸುಳ್ಳಲ್ಲ ಬಿಡೋ ವಗ್ದಿ. ಒಂದು ಫೋಟೋನೂ ಹೋಗಿಲ್ಲ."