ನಿಲ್ಲಿಸಿದರೂ ನಿಲ್ಲದ ಲಾಗರ್

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅಣ್ಣ-ತಂಗಿ ಇಬ್ಬರೂ ಠಾಣೆಗೆ ಬಂದರು. ಮರೆವಿನ ಕಾಯಿಲೆಯ ಅಪ್ಪ ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟವಳು ಅಂದು ಬೆಳಗ್ಗೆಯಷ್ಟೇ ಊರಿಗೆ ಬಂದಿಳಿದ ತಂಗಿ. ಅಪ್ಪನ ಜೊತೆಯಲ್ಲೇ ಇರುವ ಅಣ್ಣ, ತಾನು ಸ್ನಾನಕ್ಕೆ ಹೋದಾಗ ಅವರು ಗೇಟು ತೆರೆದು ಹೊರಗೆ ಹೋಗಿರಬೇಕು ಎಂದ. ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು. ಹೊರಗೆ ರಣರಣ ಬಿಸಿಲು. ಮಧ್ಯಾಹ್ನದ ಇನ್ಸುಲಿನ್ ತಪ್ಪಿದರೆ ಅಪ್ಪನ ಜೀವಕ್ಕೇ ಕುತ್ತು ಎಂದು ತಂಗಿ ಅಳುತ್ತ ಹೇಳಿದ್ದು ಅವರ ತಲೆ ಕೊರೆಯುತ್ತಿತ್ತು.

ಅವರ ಮನೆಯ ಬೀದಿಯ ಅಂಗಡಿಯವರು ಯಾರೂ ಮುದುಕರನ್ನು ಕಂಡಿರಲಿಲ್ಲ. ನಾಲ್ಕು ಹೆಜ್ಜೆ ಇಡಲು ಗೋಡೆ ಹಿಡಿಯುವ ಮನುಷ್ಯ ಒಬ್ಬರ ಕಣ್ಣಿಗೂ ಬೀಳದೆ ಮಾಯವಾಗುವುದೆಂದರೇನು? ಇನ್‌ಸ್ಪೆಕ್ಟರಿಗೆ ಎಲ್ಲೋ ತಾಳೆಯಾಗಲಿಲ್ಲ. ಕಾರು ಹೊರಗೆ ಹೋಗಿತ್ತೇ ಎಂದು ಕೇಳಿದರೆ, ಎರಡು ದಿನದಿಂದ ತೆಗೆದೇ ಇಲ್ಲ ಎಂದ ಅಣ್ಣ.

ಮನೆಯಲ್ಲಿ ಅವನ ಕೋಣೆಯ ಕಪಾಟಿನಲ್ಲಿ ಪುಸ್ತಕದಷ್ಟು ಗಾತ್ರದ ಮೂರು ಕಂಪ್ಯೂಟರುಗಳು ಮಿಣುಕುತ್ತಿದ್ದವು. ಎಲೆಕ್ಟ್ರಿಕ್ ಕಾರು ಎಲ್ಲಿ ಓಡಿತು, ಎಷ್ಟು ಚಾರ್ಜ್ ತಿಂದಿತು ಎಂಬುದನ್ನೆಲ್ಲ ಬರೆದಿಡುವ ಲಾಗರ್ ಅದು, ಅಣ್ಣನೇ ಕೂಡಿಸಿದ್ದು ಎಂದು ತಂಗಿ ಹೇಳಿಬಿಟ್ಟಳು. ಅಣ್ಣನ ಮುಖ ಕಪ್ಪಿಟ್ಟಿತು. ಅದನ್ನು ನಿಲ್ಲಿಸಿದ್ದೇನೆ, ಏನೂ ಸಿಗುವುದಿಲ್ಲ ಎಂದ. ಆದರೂ ಗದರಿಸಿದ ಮೇಲೆ ಪಾಸ್‌ವರ್ಡ್ ಕೊಟ್ಟ.

ಸೈಬರ್ ವಿಭಾಗದ ಮಹಿಳಾ ಕಾನ್‌ಸ್ಟೇಬಲ್ ಪಂಚರ ಎದುರು ಕೀಲಿಮಣೆ ಒತ್ತಿದಳು.

"ಬೆಳಗ್ಗೆ ಕಾರು ತೆಗೆಯೋ ಮುಂಚೆ ಲಾಗರಿನ ಕಂಟೇನರ್, ಅಂದ್ರೆ ಓಡ್ತಿದ್ದ ಪ್ರೋಗ್ರಾಮ್, ಅಳಿಸಿದ್ದಾರೆ ಸರ್. ಆದ್ರೆ ಒಂದು ಸತ್ರೆ ತಕ್ಷಣ ಇನ್ನೊಂದನ್ನ ಎಬ್ಬಿಸು ಅಂತ ಈ ಮೂರೂ ಕಂಪ್ಯೂಟರ್ ಸೇರಿದ ಕ್ಲಸ್ಟರ್‌ಗೆ ಇವರೇ ಹೇಳಿಟ್ಟಿದ್ರು. ಅದು ಎಬ್ಬಿಸಿದೆ."

ಇಷ್ಟೆಲ್ಲ ಕಟ್ಟಿದ ಬುದ್ಧಿವಂತ, ಗಾಬರಿಯಲ್ಲಿ ಆ ಒಂದು ಅಪ್ಪಣೆಯನ್ನು ರದ್ದು ಮಾಡಲು ಮರೆತಿದ್ದ. ನಕ್ಷೆಯಲ್ಲಿ ಆ ಬೆಳಗಿನ ದಾರಿ ಕಣ್ಣಿಗೆ ರಾಚುವಂತಿತ್ತು: ಪಕ್ಕದ ಊರಿನ ಬಸ್ ನಿಲ್ದಾಣ, ಸ್ವಲ್ಪ ಹೊತ್ತು ನಿಲುಗಡೆ, ಮತ್ತೆ ಮನೆ. ಇನ್‌ಸ್ಪೆಕ್ಟರ್ ಕೂಡಲೇ ಹೆಡ್ ಕಾನ್‌ಸ್ಟೇಬಲ್‌ರನ್ನು ಅಲ್ಲಿಗೆ ಓಡಿಸಿ, ಪಂಚನಾಮೆ ಮುಗಿಸಿ ಅಣ್ಣನ ಕಡೆ ತಿರುಗಿದರು.

"ಯಾಕೆ ಬಿಟ್ಟು ಬಂದೆ?"

"ಕಣ್ತುಂಬ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ ಸರ್. ಉಣ್ಸೋದು, ತೊಳ್ಸೋದು, ಎಲ್ಲ ಮಾಡ್ದೆ. ನನ್ನ ಗುರುತೇ ಹಿಡಿಯಲ್ಲ. ಕಳ್ಳ, ಮನೆ ಬಿಟ್ಟು ತೊಲಗು ಅಂತಾರೆ. ಅವರ ಬಾಯಲ್ಲಿ ಮಗ ಅನ್ನೋ ಮಾತು ಕೇಳಿ ಎರಡು ವರ್ಷ ಆಯ್ತು."

ಬೈಯಲು ಬಾಯಿ ತೆರೆದ ತಂಗಿ ತಲೆ ತಗ್ಗಿಸಿದಳು. ಅವಳು ಬರುತ್ತಿದ್ದದ್ದೇ ರಜೆಯಲ್ಲಿ.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್‌ರ ಫೋನ್ ಬಂತು. ಮುದುಕರು ಸಿಕ್ಕಿದ್ದಾರೆ, ಬಳಲಿದ್ದಾರೆ, ವೈದ್ಯರು ಬಂದು ಇನ್ಸುಲಿನ್ ಕೊಡುತ್ತಿದ್ದಾರೆ. ಇನ್‌ಸ್ಪೆಕ್ಟರಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಬೆಂಚಿಂದ ಏಳ್ತಿಲ್ಲ ಸರ್. ನನ್ ಮಗ ಟಿಕೆಟ್ ತರೋಕೆ ಹೋಗಿದ್ದಾನೆ, ಅವನು ಬರೋವರೆಗೂ ಕದಲಲ್ಲ ಅಂತಾರೆ."

ಫೋನಿನ ಸ್ಪೀಕರಿನಿಂದ ಆ ಮಾತು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಅಣ್ಣ ಗೋಡೆಗೊರಗಿ ಕುಸಿದ, ಬಿಕ್ಕಿ ಬಿಕ್ಕಿ ಅತ್ತ. ಹೆತ್ತ ತಂದೆಯನ್ನು ನಡುನೀರಿನಲ್ಲಿ ಕೈಬಿಟ್ಟ ಆರೋಪದ ಮೇಲೆ ಅವನನ್ನು ಅಲ್ಲೇ ಬಂಧಿಸಲಾಯಿತು.

ಠಾಣೆಯ ಕಡೆ ಹೊರಟ ಜೀಪನ್ನು ಇನ್‌ಸ್ಪೆಕ್ಟರ್ ಬಸ್ ನಿಲ್ದಾಣದ ದಾರಿಗೆ ತಿರುಗಿಸಲು ಹೇಳಿದರು. ಗುರುತು ಹಿಡಿಯುತ್ತಾರೋ ಇಲ್ಲವೋ, ಮುದುಕರನ್ನು ಎಬ್ಬಿಸಲು ಅವನೇ ಬೇಕಿತ್ತು.