ಆನೆಯ ಕೆಳಗಿನ ಮೆಣಸು

"ಇವತ್ತು ಸಂಜೆಯೊಳಗೆ ಆ ಹುಡುಗಿ ಮೇಲೆ ಕಂಪ್ಲೇಂಟ್ ಕೊಡ್ತೀನಿ ಶಕುಂತಲಮ್ಮ. ಅದಕ್ಕೆ ಮುಂಚೆ ನೀವೊಂದ್ಸಲ ಬಂದು ನೋಡಿ," ಎಂದು ಧರ್ಮೇಂದ್ರ ಬಾಗಿಲಲ್ಲೇ ನಿಂತು ಹೇಳಿದರು.

ಅವರು ಸುಂಟಿಕೊಪ್ಪದ ಬೆಳೆಗಾರರ ಸಂಘದ ಕಾರ್ಯದರ್ಶಿ. ಕಾಡಾನೆ ಹತ್ತಿರ ಬಂದರೆ ಸಂಘದ ಆ್ಯಪ್ ತೋಟದವರ ಫೋನಿಗೆ ಎಚ್ಚರಿಕೆ ಕಳಿಸುತ್ತಿತ್ತು. ಹಿಂದಿನ ದಿನ ಕಳಿಸಲಿಲ್ಲ. ಮಾದಾಪುರದಲ್ಲಿ ಕಾಫಿ ಕೊಯ್ಯುತ್ತಿದ್ದ ಸಿದ್ದಮ್ಮ ಆನೆಯ ಹೊಡೆತಕ್ಕೆ ಸೊಂಟ ಮುರಿದು ಮಡಿಕೇರಿ ಆಸ್ಪತ್ರೆಯಲ್ಲಿ ಮಲಗಿದ್ದರು.

ಶಕುಂತಲಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಊರಿನ ಗೋಜಲುಗಳೆಲ್ಲ ಈಗಲೂ ಅವರ ಬಾಗಿಲಿಗೇ ಬರುತ್ತಿದ್ದವು. ನನ್ನ ಗಂಡ ಅಕ್ಷಿತ್ ತೀರಿಕೊಂಡ ಮೇಲೆ ನಾನು ಅವರ ಮನೆಯಲ್ಲಿದ್ದೆ. ಕಂಪ್ಯೂಟರ್ ಓದಿದವಳೆಂದು ನನ್ನನ್ನೂ ಕರೆದುಕೊಂಡು ಹೋದರು.

ಸಂಘದ ಕಚೇರಿಯಲ್ಲಿ ಆ ಹುಡುಗಿ, ಭವ್ಯಶ್ರೀ, ಗೋಡೆಗೊರಗಿ ಕುಳಿತಿದ್ದಳು. ಡೇಟಾಬೇಸಿನ ಕೆಲಸಗಳೆಲ್ಲ ಒಂದೇ ದೈತ್ಯ ಫೈಲಿನಲ್ಲಿ ತುಂಬಿ ಆ್ಯಪ್ ತೆವಳುತ್ತಿತ್ತು. ಅದನ್ನು ಬಿಡಿಸಿ, ತಡಮಾಡುವ ಕೋಡ್ ಸಾಲುಗಳನ್ನು ತಿದ್ದಿ, ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಫೈಲು ಮಾಡಿದವಳು ಇವಳು.

"ಆ್ಯಪ್ ಮೊದಲಿಗಿಂತ ಜೋರಾಗಿ ಓಡ್ತಿದೆ ಮೇಡಂ. ಆನೆ ಭಾಗ ಮಾತ್ರ ಎಲ್ಲಿ ಹೋಯ್ತೋ ಗೊತ್ತಿಲ್ಲ."

"ನಾನು ಕಟ್ಟಿದ ಫೈಲು ಅದು," ಎಂದ ಹಳೆಯ ಪ್ರೋಗ್ರಾಮರ್ ಕಿರಣ್‌ಕುಮಾರ್. "ಹೊಸದೇನು ಬಂದ್ರೂ ಕೆಳಗೆ ಸೇರಿಸ್ತಾ ಬಂದೆ. ಆನೆದು ಬರೆದೆ, ಅದರ ಕೆಳಗೆ ಮೆಣಸಿನ ದರದ್ದು ಬರೆದೆ. ಏನೂ ಕೆಟ್ಟಿರ್ಲಿಲ್ಲ. ಈ ಯಮ್ಮ ಬಂದು ಕಸ ಅಂದ್ರು. ಈಗ ನೋಡಿ, ಗುಡಿಸಿದ ಚಂದ!"

"ಫೈಲು ಅವಳಿಗೆ ಕೊಟ್ಟಿದ್ದು ಯಾರು?" ಎಂದು ಕೇಳಿದರು ಶಕುಂತಲಮ್ಮ.

"ನಾನೇ. ಪೆನ್‌ಡ್ರೈವಲ್ಲಿ."

ಶಕುಂತಲಮ್ಮ ಧರ್ಮೇಂದ್ರರತ್ತ ತಿರುಗಿದರು. "ಆನೆ ಬಿಟ್ಟು ಬೇರೆ ಏನಾದ್ರೂ ನಿಂತಿದ್ಯಾ?"

"ಇಲ್ಲ. ಹಾಂ, ಮೆಣಸಿನ ದರ ಬಂದಿಲ್ಲ ಅಂತ ನಮ್ಮ ಮೆಂಬರ್ ಪರಮೇಶಪ್ಪ ಬೆಳಿಗ್ಗೆ ಬೈದ್ರು. ಅವರು ದಿನಾ ಬೈತಾರೆ ಬಿಡಿ."

ನಾನು ಹೊಸ ಜೋಡಣೆ ತೆರೆದು ನೋಡಿದೆ. ಎಚ್ಚರಿಕೆಗಳು ಒಂದು ಕಡೆ, ಮಾರುಕಟ್ಟೆ ಇನ್ನೊಂದು ಕಡೆ. ಎರಡಕ್ಕೂ ಸಂಬಂಧವೇ ಇರಲಿಲ್ಲ. ಹಾಗೆಂದು ಹೇಳಿದೆ.

ಶಕುಂತಲಮ್ಮ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಧರ್ಮೇಂದ್ರ, ತೋಟದ ಎರಡು ಮೂಲೇಲಿ ಎರಡೇ ಎಳೇ ಕಾಫಿ ಗಿಡ ಒಣಗಿದ್ರೆ ಏನು ವಿಚಾರಿಸ್ತೀರಿ?"

"ನರ್ಸರಿ. ಒಂದೇ ಪಾತೀಲಿ ಎದ್ದ ಸಸಿಗಳಾ ಅಂತ."

"ಅಷ್ಟೇ. ಆನೆ, ಮೆಣಸು ಅಕ್ಕಪಕ್ಕ ಇದ್ದದ್ದು ಹಳೇ ಫೈಲಲ್ಲಿ ಮಾತ್ರ. ಅಂದ್ರೆ ಕತ್ತರಿ ಬಿದ್ದದ್ದು ಅಲ್ಲೇ. ಇವಳು ಬಿಡಿಸುವಾಗ ಬಿತ್ತಾ, ಇವಳ ಕೈಗೆ ಬರೋ ಮುಂಚೆ ಬಿತ್ತಾ? ಪೆನ್‌ಡ್ರೈವ್ ಕೊಡಮ್ಮ."

"ಅದನ್ನ ಮುಟ್ಟಿಲ್ಲ ಮೇಡಂ. ಕಾಪಿ ಮಾಡ್ಕೊಂಡೇ ಕೆಲಸ ಮಾಡಿದ್ದು."

ನಾನು ತೆರೆದೆ. ಆನೆಯೂ ಇರಲಿಲ್ಲ, ಮೆಣಸೂ ಇರಲಿಲ್ಲ. ಫೈಲನ್ನು ಕೊನೆಯದಾಗಿ ತಿದ್ದಿದ್ದು ಅವಳಿಗೆ ಕೊಡುವ ಹಿಂದಿನ ದಿನ. ಆಗ ಅದು ಒಬ್ಬನ ಬಳಿ ಮಾತ್ರ ಇತ್ತು.

ಕಿರಣ್‌ಕುಮಾರ್ ತಲೆ ಎತ್ತಲಿಲ್ಲ. "ಆ್ಯಪ್ ಎರಡು ದಿನ ನಿಂತ್ರೆ ಎಲ್ಲರೂ ವಾಪಸ್ ನನ್ನ ಹತ್ರ ಬರ್ತಾರೆ ಅಂದ್ಕೊಂಡೆ. ಅಷ್ಟರಲ್ಲಿ ಆನೆ ಬರುತ್ತೆ ಅಂತ..."

"ಬರುತ್ತೆ ಅಂತಲೇ ಅಲ್ವೇನಪ್ಪ ನೀನದನ್ನ ಬರೆದದ್ದು?" ಎಂದರು ಶಕುಂತಲಮ್ಮ.

"ತಪ್ಪಾಯ್ತಮ್ಮ," ಎಂದರು ಧರ್ಮೇಂದ್ರ, ಭವ್ಯಶ್ರೀಗೆ. ಅವಳು ಕಿರಣ್‌ಕುಮಾರನ ಲ್ಯಾಪ್‌ಟಾಪಿನಲ್ಲಿದ್ದ ಪೂರ್ತಿ ಪ್ರತಿಯಿಂದ ಆನೆಯ ಭಾಗವನ್ನು ತಂದು ಅದರ ಜಾಗಕ್ಕೆ ಸೇರಿಸಿದಳು.

ಚಹಾ ಬರುವ ಮೊದಲೇ ಮೇಜಿನ ಮೇಲಿನ ಫೋನುಗಳೆಲ್ಲ ಒಟ್ಟಿಗೆ ನಡುಗಿದವು. ಮಾದಾಪುರದಲ್ಲಿ ಕೂಲಿಯವರ ಲೈನ್ ಮನೆಗಳ ಹತ್ತಿರ ಆನೆ. ಧರ್ಮೇಂದ್ರ ಕೆಲಸದವರ ಲೆಕ್ಕ ನೋಡುವ ತೋಟದ ರೈಟರಿಗೆ ಫೋನ್ ಮಾಡಿದರು. ಕೆಲಸದವರೆಲ್ಲ ಆಗಲೇ ಒಳಗೆ ಸೇರಿದ್ದರು.

ನನ್ನ ಚೀಲದಲ್ಲಿ ಎರಡು ಫೋನು ನಡುಗಿದವು. ಒಂದು ನನ್ನದು. ಅಕ್ಷಿತನದನ್ನು ನಾನಿನ್ನೂ ಚಾರ್ಜ್ ಮಾಡುತ್ತೇನೆ.